ಆಹಾರ ಸುರಕ್ಷತಾ ಪ್ರಮಾಣಪತ್ರ: ಅರ್ಜಿ ಹಾಕುವ ಮೊದಲು ಏನೇನು ಸಿದ್ಧವಿರಬೇಕು?

ಪ್ರಶ್ನೆ: ನಾವು ತರಕಾರಿ ಬೆಳೆಯುತ್ತೇವೆ. ಜೊತೆಗೆ ಹಣ್ಣಿನ ರಸವನ್ನು ಬಾಟಲಿಗೆ ತುಂಬುವ ಸಣ್ಣ ಘಟಕವೂ ಇದೆ. ಎರಡಕ್ಕೂ ಒಂದೇ ಪ್ರಮಾಣಪತ್ರ ಸಾಕೇ?

ಉತ್ತರ: ಸಾಲದು. ಹೊಲಕ್ಕೆ ಗ್ಲೋಬಲ್ ಗ್ಯಾಪ್‌ನಂಥ ಉತ್ತಮ ಕೃಷಿ ಪದ್ಧತಿಯ ಪ್ರಮಾಣಪತ್ರ ಬೇಕು, ಘಟಕಕ್ಕೆ ಎಚ್‌ಎಸಿಸಿಪಿ (ಆಹಾರ ತಯಾರಿಕೆಯ ಪ್ರತಿ ಹಂತದ ಅಪಾಯವನ್ನು ಮೊದಲೇ ಗುರುತಿಸಿ ತಡೆಯುವ ವಿಧಾನ) ಆಧರಿಸಿದ ಬೇರೆಯದು. ಯಾವುದೆಂದು ನೀವೇ ತೀರ್ಮಾನಿಸುವ ಮೊದಲು ಮಾಲು ಕೊಳ್ಳುವವರಿಂದ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಐಎಸ್‌ಒ 22000 ಆಹಾರ ಸುರಕ್ಷತಾ ನಿರ್ವಹಣೆಗೆ ಒಳ್ಳೆಯ ಅಂತರರಾಷ್ಟ್ರೀಯ ಮಾನದಂಡವೇ. ಆದರೆ ದೊಡ್ಡ ಮಳಿಗೆ ಸರಣಿಗಳು ಸಾಮಾನ್ಯವಾಗಿ ಕೇಳುವುದು ಜಿಎಫ್‌ಎಸ್‌ಐ (ಆಹಾರ ಸುರಕ್ಷತಾ ಯೋಜನೆಗಳನ್ನು ಅಳೆದು ಮಾನ್ಯ ಮಾಡುವ ಅಂತರರಾಷ್ಟ್ರೀಯ ವೇದಿಕೆ) ಮಾನ್ಯತೆ ಪಡೆದ ಯೋಜನೆಯನ್ನು. ಬರೀ ಐಎಸ್‌ಒ 22000ಕ್ಕೆ ಆ ಮಾನ್ಯತೆ ಇಲ್ಲ. ಅದರ ಮೇಲೆ ಇನ್ನಷ್ಟು ಷರತ್ತು ಸೇರಿಸಿದ ಎಫ್‌ಎಸ್‌ಎಸ್‌ಸಿ 22000ಕ್ಕೆ ಇದೆ, ಬಿಆರ್‌ಸಿಜಿಎಸ್ ಎಂಬ ಇನ್ನೊಂದು ಯೋಜನೆಗೂ ಇದೆ. ಇದನ್ನು ವಿಚಾರಿಸದೆ ಹೊರಟವರು ಎರಡೆರಡು ಸಲ ಶುಲ್ಕ ಕಟ್ಟಬೇಕಾಗುತ್ತದೆ.

ಪ್ರಮಾಣೀಕರಣ ಸಂಸ್ಥೆಯ ಮಾನ್ಯತಾ ಪತ್ರ ತರಿಸಿಕೊಂಡು, ನಿಮ್ಮ ಉತ್ಪನ್ನದ ವರ್ಗ ಅದರಲ್ಲಿ ಇದೆಯೇ ನೋಡಿ. ‘ದಾಖಲೆಯನ್ನೂ ನಾವೇ ಬರೆದುಕೊಡುತ್ತೇವೆ, ತಪಾಸಣೆಯನ್ನೂ ನಾವೇ ಮಾಡುತ್ತೇವೆ’ ಎನ್ನುವವರಿಂದ ದೂರವಿರಿ. ಸಲಹೆ, ತಪಾಸಣೆ ಎರಡೂ ಒಂದೇ ಕೈಯಲ್ಲಿ ಇರಕೂಡದು. ಸರ್ಕಾರದ ಪರವಾನಗಿ ಇದರಿಂದ ಬೇರೆ, ಅದು ಹೇಗೂ ಬೇಕೇ ಬೇಕು.

ಪ್ರಶ್ನೆ: ನಮ್ಮ ರಸದ ಘಟಕಕ್ಕೆ ಬರೆಸಿದ ಎಚ್‌ಎಸಿಸಿಪಿ ಯೋಜನೆಯಲ್ಲಿ 11 ನಿರ್ಣಾಯಕ ನಿಯಂತ್ರಣ ಬಿಂದುಗಳಿವೆ. ಇಷ್ಟೊಂದು ಬೇಕೇ?

ಉತ್ತರ: ಬೇಡ. ಕೈ ತೊಳೆಯುವುದು, ಇಲಿ-ನೊಣದ ನಿಯಂತ್ರಣ, ನೆಲ ಶುಚಿ ಮಾಡುವುದು ಇವೆಲ್ಲ ಪೂರ್ವಾಗತ್ಯ ಕ್ರಮಗಳು. ಇವಿಲ್ಲದೆ ಎಚ್‌ಎಸಿಸಿಪಿ ನಿಲ್ಲುವುದಿಲ್ಲ, ಆದರೆ ಇವು ನಿರ್ಣಾಯಕ ಬಿಂದುಗಳಲ್ಲ. ಒಂದು ಹಂತದಲ್ಲಿ ತಪ್ಪಿದರೆ ಗ್ರಾಹಕರ ಆರೋಗ್ಯಕ್ಕೆ ಅಪಾಯ, ಮುಂದೆ ಅದನ್ನು ಸರಿಪಡಿಸುವ ಹಂತವೇ ಇಲ್ಲ ಎಂದಾದರೆ, ಜೊತೆಗೆ ಅಲ್ಲಿ ಅಳೆಯಬಹುದಾದ ಮಿತಿ ಇದ್ದರೆ, ಅದು ನಿರ್ಣಾಯಕ. ನಿಮ್ಮಂಥ ಘಟಕದಲ್ಲಿ ಪ್ಯಾಶ್ಚರೀಕರಣ (ರಸವನ್ನು ಬಿಸಿ ಮಾಡಿ ರೋಗಾಣು ಕೊಲ್ಲುವುದು) ಖಂಡಿತ ಅಂಥದ್ದು. ಗಾಜಿನ ಬಾಟಲಿ ಬಳಸುತ್ತಿದ್ದರೆ ಗಾಜಿನ ಚೂರಿನ ತಪಾಸಣೆಯೂ ಸೇರಬಹುದು.

ಪ್ಯಾಶ್ಚರೀಕರಣವನ್ನೇ ಬಿಡಿಸಿ ನೋಡೋಣ. ರಸದ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕಡಿಮೆ ಇದ್ದರೆ ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆ ತರುವ ಕ್ಲಾಸ್ಟ್ರಿಡಿಯಂ ಬೆಳೆಯುವುದಿಲ್ಲ. ಹಾಗೆಂದು ಹುಳಿಯನ್ನೇ ನಂಬಿ ಕೂರುವಂತಿಲ್ಲ, ಇ. ಕೋಲಿ ಒ157, ಸಾಲ್ಮೊನೆಲ್ಲಾದಂಥ ರೋಗಾಣುಗಳು ಹುಳಿ ರಸದಲ್ಲೂ ಬದುಕಿರಬಲ್ಲವು. ಅದಕ್ಕೇ ಶಾಖ ಬೇಕು. ನಿಮ್ಮ ಮಿತಿ 72 ಡಿಗ್ರಿ ಸೆಲ್ಸಿಯಸ್, 15 ಸೆಕೆಂಡ್ ಎಂದಿಟ್ಟುಕೊಳ್ಳಿ. ಡಿಗ್ರಿಯನ್ನು ಎಲ್ಲರೂ ಬರೆಯುತ್ತಾರೆ. ಆ 15 ಸೆಕೆಂಡ್ ಎಲ್ಲಿಂದ ಬಂತು? ಕಾಯಿಸಿದ ರಸ ಅದೇ ಬಿಸಿಯಲ್ಲಿ ಹರಿದುಹೋಗುವ ಹೋಲ್ಡಿಂಗ್ ಕೊಳವೆಯ ಉದ್ದ, ಅಡ್ಡಳತೆ ಮತ್ತು ಪಂಪಿನ ವೇಗದಿಂದ. ಕೆಲಸ ಬೇಗ ಮುಗಿಯಲಿ ಎಂದು ಯಾರಾದರೂ ಪಂಪಿನ ವೇಗ ಏರಿಸಿದರೆ, ಮಾಪಕ 72 ತೋರಿಸುತ್ತಿರುವಾಗಲೇ ರಸ 9–10 ಸೆಕೆಂಡಿಗೆ ಹೊರಬಿದ್ದಿರಬಹುದು. ಆದ್ದರಿಂದ ಪಂಪಿನ ಗರಿಷ್ಠ ವೇಗಕ್ಕೆ ಸೀಲ್ ಹಾಕಿಸಿ. ತಾಪಮಾಪಕ ಹೀಟರ್ ಬಳಿಯಲ್ಲ, ಕೊಳವೆಯ ಕೊನೆಯಲ್ಲಿರಲಿ. ಯಂತ್ರವನ್ನು 74 ಡಿಗ್ರಿಯಲ್ಲಿ ಓಡಿಸಿ, ಸಣ್ಣ ಏರಿಳಿತಕ್ಕೆ ಮಿತಿ ಮುರಿಯುವುದಿಲ್ಲ.

ತಾಪಮಾನವನ್ನು ಗಂಟೆಗೊಮ್ಮೆ ಬರೆದರೆ, ಇಳಿದದ್ದು ಗೊತ್ತಾದಾಗ ಹಿಂದಿನ ಒಂದು ಗಂಟೆಯ ಬಾಟಲಿಗಳನ್ನೆಲ್ಲ ತಡೆಹಿಡಿಯಬೇಕು. ನಿರಂತರ ರೆಕಾರ್ಡರ್ ದುಬಾರಿ ಎನ್ನುವವರು ಈ ಲೆಕ್ಕವನ್ನೂ ಮಾಡಿ ನೋಡಲಿ. ತಾಪಮಾಪಕವನ್ನು ಐಸ್ ಪುಡಿ ಕಲಸಿದ ನೀರಿನಲ್ಲಿ ಅದ್ದಿ ಸೊನ್ನೆ ತೋರಿಸುತ್ತದೆಯೇ ನೋಡಿ, ದಿನಾಂಕ ಹಾಕಿ ಬರೆದಿಡಿ. ಕುದಿಯುವ ನೀರಿನಲ್ಲೂ ನೋಡುವುದಾದರೆ, ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಎತ್ತರಕ್ಕೆ ಕುದಿಬಿಂದು ಸುಮಾರು 1 ಡಿಗ್ರಿ ಇಳಿಯುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: ಹೊಲದ ತಪಾಸಣೆಯಲ್ಲಿ ಮುಖ್ಯವಾಗಿ ಏನು ನೋಡುತ್ತಾರೆ?

ಉತ್ತರ: ನೀರು, ಗೊಬ್ಬರ, ಸಿಂಪಡಣೆ. ನೀರಿನ ಮಾದರಿಯನ್ನು ಬಾವಿಯಲ್ಲಷ್ಟೇ ತೆಗೆದರೆ ಸಾಲದು, ಬೆಳೆಗೆ ತಾಗುವ ಜಾಗದಲ್ಲೂ ತೆಗೆಯಬೇಕು. ನಡುವಿನ ತೊಟ್ಟಿಯಲ್ಲೇ ಇ. ಕೋಲಿ ಸೇರಿಕೊಳ್ಳುವುದುಂಟು. ಸಾಲುರಾಶಿ ಕಾಂಪೋಸ್ಟ್ 55 ಡಿಗ್ರಿ ಮುಟ್ಟಿ 15 ದಿನವಾದರೂ ಅದೇ ಬಿಸಿಯಲ್ಲಿ ಇರಬೇಕು, ಆ ಅವಧಿಯಲ್ಲಿ 5 ಸಲ ಮಗುಚಬೇಕು, ಪ್ರತಿ ಸಲದ ತಾಪಮಾನ ದಾಖಲಾಗಿರಬೇಕು. ಮಗುಚದಿದ್ದರೆ ಹೊರಪದರ ಬಿಸಿಯಾಗುವುದೇ ಇಲ್ಲ.

ತರಕಾರಿ ತೊಳೆಯುವ ತೊಟ್ಟಿಯ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಕ್ಲೋರಿನ್ ಇರುವುದು ತರಕಾರಿಯನ್ನು ಕ್ರಿಮಿಮುಕ್ತ ಮಾಡುವುದಕ್ಕಲ್ಲ, ಒಂದು ಕೊಳೆತ ಕಾಯಿಯ ಸೋಂಕು ನೀರಿನ ಮೂಲಕ ಮಿಕ್ಕೆಲ್ಲಕ್ಕೂ ಹರಡದಂತೆ ತಡೆಯುವುದಕ್ಕೆ. ಮಣ್ಣು ಬಿದ್ದಷ್ಟೂ ಅದು ಸವೆದುಹೋಗುತ್ತದೆ, ಪಿಎಚ್ 8 ದಾಟಿದರೆ ಶಕ್ತಿ ಕುಂದುತ್ತದೆ, 6.5ರಿಂದ 7.5ರ ನಡುವೆ ಇಡಿ. ಬಿಸಿಲಿನಿಂದ ತಂದ ಟೊಮೆಟೊವನ್ನು ತಣ್ಣೀರಿಗೆ ಹಾಕಬೇಡಿ. ಒಳಗಿನ ಗಾಳಿ ಕುಗ್ಗಿ, ತೊಟ್ಟಿನ ಗಾಯದ ಮೂಲಕ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೀರು ಹಣ್ಣಿಗಿಂತ ಸುಮಾರು 5 ಡಿಗ್ರಿ ಬೆಚ್ಚಗಿರಲಿ.

ಗ್ಲೋಬಲ್ ಗ್ಯಾಪ್‌ನ ಮೊದಲ ತಪಾಸಣೆಗೆ ಕನಿಷ್ಠ 3 ತಿಂಗಳ ದಾಖಲೆ ಬೇಕು. ಅರ್ಜಿಗೆ ಮೊದಲೇ ಬರೆಯಲು ಶುರು ಮಾಡಿ.

ಪ್ರಶ್ನೆ: ದಾಖಲೆಗಳೆಲ್ಲ ಇವೆ. ಆದರೂ ನಪಾಸಾಗುವುದು ಏಕೆ?

ಉತ್ತರ: ಮೂರು ತಿಂಗಳ ಹಾಳೆಗಳು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ಪ್ರತಿ ಗಂಟೆಗೂ 74.0 ಎಂದಿದ್ದರೆ, ಕೂತು ತುಂಬಿಸಿದ್ದು ಎಂದು ತಪಾಸಕರಿಗೆ ಕೂಡಲೇ ಗೊತ್ತಾಗುತ್ತದೆ. 71.6 ಎಂದು ಬರೆದು, ಪಕ್ಕದಲ್ಲಿ ‘240 ಬಾಟಲಿ ತಡೆಹಿಡಿದೆವು’ ಎಂದು ಸಹಿ ಹಾಕಿದ ಹಾಳೆಗೆ ಹೆಚ್ಚು ಬೆಲೆ.

ಇನ್ನೊಂದು, ಮಾಲಿನ ಜಾಡು ಹಿಡಿಯುವ ಪರೀಕ್ಷೆ. ಒಂದು ಬಾಟಲಿ ಎತ್ತಿಕೊಂಡು, ಇದರ ಹಣ್ಣು ಯಾವ ಲಾಟಿನದು, ಮುಚ್ಚಳ ಯಾವ ಲಾಟಿನದು, ಇದೇ ಬ್ಯಾಚು ಯಾರ್‍ಯಾರಿಗೆ ಹೋಯಿತು ಎಂದು ಕೇಳುತ್ತಾರೆ. ಬಿಆರ್‌ಸಿಜಿಎಸ್‌ನಲ್ಲಿ ಇದಕ್ಕೆ 4 ಗಂಟೆಯ ಗಡುವು. ತೂಕವೂ ತಾಳೆಯಾಗಬೇಕು: 1,000 ಕೆಜಿ ಹಣ್ಣು ಬಂದು, 640 ಕೆಜಿ ರಸ, 310 ಕೆಜಿ ಸಿಪ್ಪೆ-ಬೀಜ ಎಂದಿದ್ದರೆ ಉಳಿದ 50 ಕೆಜಿ ಎಲ್ಲಿ? ಸಾಮಾನ್ಯವಾಗಿ ಅದು ಆರಿಸಿ ಎಸೆದ ಕೊಳೆತ ಹಣ್ಣು, ಯಾರೂ ತೂಗಿರುವುದಿಲ್ಲ. ವಿಂಗಡಿಸುವ ಮೇಜಿನ ಪಕ್ಕ ಒಂದು ತಕ್ಕಡಿ ಇಡಿ.

ತಪಾಸಕರು ಕೊರತೆ ಬರೆದುಕೊಟ್ಟರೆ ಹಲವು ಯೋಜನೆಗಳಲ್ಲಿ 28 ದಿನದೊಳಗೆ ಉತ್ತರಿಸಬೇಕು. ‘ಸಿಬ್ಬಂದಿಗೆ ತರಬೇತಿ ಕೊಟ್ಟೆವು’ ಎಂಬುದು ಅವರಿಗೆ ಸಾಲದು. ತೂಗದೆ ಇದ್ದದ್ದು ತಕ್ಕಡಿ ದೂರವಿದ್ದದ್ದರಿಂದಲೋ, ಹಾಳೆಯಲ್ಲಿ ಆ ಕಾಲಮ್ಮೇ ಇಲ್ಲದ್ದರಿಂದಲೋ ಎಂದು ಕಾರಣ ಹೇಳಿ, ಬದಲಾಯಿಸಿದ ಹಾಳೆಯನ್ನೂ ಅದರಲ್ಲಿ ತುಂಬಿದ ಒಂದು ವಾರದ ತೂಕವನ್ನೂ ಜೊತೆಗಿಟ್ಟು ಕಳುಹಿಸಿ.