ದೇವರ ಪ್ರತಿರೂಪ ಬುದ್ಧಿಯಲ್ಲಷ್ಟೇ ಇದೆಯೆ?

ಕಿವಿ ಕೇಳದವರಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟನ್ನೂ ಹೃದಯ ಬಡಿತಕ್ಕೆ ನೆರವಾಗುವ ಪೇಸ್‌ಮೇಕರನ್ನೂ ಒಪ್ಪಿಕೊಂಡ ಕ್ರೈಸ್ತರು ಆರೋಗ್ಯವಂತನ ನೆನಪಿನ ಶಕ್ತಿ ಹೆಚ್ಚಿಸುವ ಮಿದುಳಿನ ಚಿಪ್‌ಗೆ ಮಾತ್ರ ಏಕೆ ಹಿಂಜರಿಯಬೇಕು, ಯಂತ್ರವೇ ಯೋಚಿಸತೊಡಗಿದರೆ ‘ಮನುಷ್ಯ ದೇವರ ಪ್ರತಿರೂಪ’ ಎಂಬ ಮಾತಿಗೆ ಉಳಿಯುವ ಅರ್ಥವೇನು, ಇಂಥ ಚಿಪ್ ಹಾಕಿಸಿಕೊಂಡು ಪರೀಕ್ಷೆ ಬರೆಯುವುದು ಪಾಪವೆ ಎಂದು ತಾವು ಕೇಳಿದ್ದೀರಿ. ಮನುಷ್ಯನ ಘನತೆ ಅವನ ಸಾಮರ್ಥ್ಯದಲ್ಲಿದೆ ಎಂಬ ಎಣಿಕೆಯೇ ಈ ಪ್ರಶ್ನೆಗಳ ತಳದಲ್ಲಿದೆ.

ಆ ಎಣಿಕೆಗೆ ಕ್ರೈಸ್ತರೇ ಎಡೆಮಾಡಿಕೊಟ್ಟದ್ದುಂಟು. ದೇವರ ಪ್ರತಿರೂಪದ ನೆಲೆ ಮನಸ್ಸು, ವಿವೇಚನೆ ಎಂದೇ ಹಿಂದಿನ ಕಾಲದ ದೇವಶಾಸ್ತ್ರಜ್ಞರಾದ ಅಗಸ್ಟೀನರೂ ಥಾಮಸ್ ಅಕ್ವಿನಾಸರೂ ಬರೆದರು. ಆದರೆ ಬೈಬಲ್ಲಿನ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಗಂಡು ಹೆಣ್ಣು ಇಬ್ಬರೂ ಆ ಸ್ವರೂಪದಲ್ಲಿ ಸೃಷ್ಟಿಯಾದರೆಂದಿದೆಯೇ ಹೊರತು ಬುದ್ಧಿಯ ಅಳತೆಯ ಪ್ರಸ್ತಾಪವಿಲ್ಲ. 2025ರ ಜನವರಿ 28ರಂದು, ಅಂದರೆ ಅಕ್ವಿನಾಸರ ಸ್ಮರಣೆಯ ದಿನವೇ, ಕೃತಕ ಬುದ್ಧಿಮತ್ತೆಯನ್ನು ಕುರಿತು ವ್ಯಾಟಿಕನ್ ಹೊರಡಿಸಿದ ‘ಆಂಟಿಕ್ವಾ ಎತ್ ನೋವಾ’ ಟಿಪ್ಪಣಿಯು ವ್ಯಕ್ತಿಯ ಬೆಲೆ ಕೌಶಲವನ್ನಾಗಲಿ ಸಾಧನೆಯನ್ನಾಗಲಿ ಅವಲಂಬಿಸಿಲ್ಲವೆಂದೂ, ಪ್ರಜ್ಞೆ ತಪ್ಪಿದವರಲ್ಲೂ ನರಳುವ ವೃದ್ಧರಲ್ಲೂ ಅದು ಕುಂದದೆಂದೂ ಸ್ಪಷ್ಟಪಡಿಸಿದೆ. ಹೀಗಿರುವಾಗ ಯಂತ್ರ ಎಷ್ಟೇ ಚುರುಕಾದರೂ ಮನುಷ್ಯನ ಸ್ಥಾನ ಕದಲುವುದಿಲ್ಲ. ಚಿಪ್‌ನಿಂದ ಅದು ಮೇಲೇರುವುದೂ ಇಲ್ಲ.

ಚಿಕಿತ್ಸೆಗೂ ಆರೋಗ್ಯವಂತರ ಸಾಮರ್ಥ್ಯ ಹೆಚ್ಚಿಸುವ ವರ್ಧನೆಗೂ ನಡುವಿನ ಗೆರೆ ಮಸುಕಾಗಿದೆ ಎಂಬ ತಮ್ಮ ಮಾತನ್ನು ಒಪ್ಪುತ್ತೇನೆ. ನ್ಯೂರಾಲಿಂಕ್ ಸಂಸ್ಥೆ ಮಿದುಳಿಗೆ ಅಳವಡಿಸುವ ಚಿಪ್ಪನ್ನು 2024ರ ಜನವರಿಯಲ್ಲಿ ಮೊದಲು ಪಡೆದವರು ಭುಜದಿಂದ ಕೆಳಗೆ ಸ್ವಾಧೀನ ಕಳೆದುಕೊಂಡವರು; ಅವರು ಬರಿಯ ಯೋಚನೆಯಿಂದ ಕಂಪ್ಯೂಟರಿನ ಕರ್ಸರನ್ನು ಸರಿಸಿದ್ದನ್ನು ಕಂಡು ಯಾವ ಕ್ರೈಸ್ತನೂ ಮುಖ ಸಿಂಡರಿಸಬೇಕಾಗಿಲ್ಲ. ಆದರೆ ಅದೇ ಬಗೆಯ ಉಪಕರಣವನ್ನು ನಾಳೆ ಉಳ್ಳವರ ಮಕ್ಕಳಿಗೆ ಮಾರತೊಡಗಿದರೆ ಇಲ್ಲದವರ ಮಕ್ಕಳು ಹುಟ್ಟಿನಿಂದಲೇ ಕೊರತೆಯುಳ್ಳವರೆನಿಸಿಕೊಳ್ಳುತ್ತಾರೆ. ಚಿಕಿತ್ಸೆಯ ಉದ್ದೇಶವಿಲ್ಲದ ವಂಶವಾಹಿ ಮಾರ್ಪಾಡಿನ ಬಗ್ಗೆ ವ್ಯಾಟಿಕನ್ನಿನ 2008ರ ‘ದಿಗ್ನಿತಾಸ್ ಪೆರ್ಸೋನೆ’ ದಾಖಲೆ ಎತ್ತಿದ ಆಕ್ಷೇಪವೂ ಇದೇ: ಕೆಲವು ಗುಣಗಳಿಲ್ಲದವರಿಗೆ ಅದು ಕಳಂಕ ಹಚ್ಚುತ್ತದೆ. ಪ್ರಯೋಗಾಲಯದ ಅಪಾಯಗಳಿಗಿಂತ ಈ ಆಕ್ಷೇಪವೇ ನನಗೆ ಹೆಚ್ಚು ತೂಕದ್ದೆನಿಸುತ್ತದೆ.

ದೇಹದ ಮಿತಿಗಳನ್ನು ಮೀರುವ ಹಂಬಲ ಕ್ರೈಸ್ತರಿಗೂ ಇದೆ, ಅದಕ್ಕೆ ಪುನರುತ್ಥಾನವೆಂಬ ಹೆಸರೂ ಇದೆ ಎಂದು ತಾವು ವಾದಿಸಬಹುದು. ಸರಿಯೆ, ಆದರೆ ಯೋಹಾನನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಪುನರುತ್ಥಾನಗೊಂಡ ಯೇಸು ಶಿಷ್ಯ ತೋಮನಿಗೆ ತೋರಿಸುವುದು ಕೈಗಳಲ್ಲಿಯೂ ಪಕ್ಕೆಯಲ್ಲಿಯೂ ಉಳಿದ ಗಾಯದ ಗುರುತುಗಳನ್ನು. ಮಹಿಮೆ ಪಡೆದ ಆ ದೇಹ ನೋವಿನ ಚರಿತ್ರೆಯನ್ನು ಅಳಿಸಿಹಾಕಿಲ್ಲ; ಕುಂದುಗಳನ್ನು ಒಂದೊಂದಾಗಿ ಕಳಚಿ ತನ್ನನ್ನು ತಾನೇ ಪೂರ್ಣಗೊಳಿಸಿಕೊಳ್ಳುವ ಯೋಜನೆಗೂ ಇದಕ್ಕೂ ಹೋಲಿಕೆ ಕಡಿಮೆ.

ಉಳಿದದ್ದು ಪರೀಕ್ಷೆಯ ಪ್ರಶ್ನೆ. ಚಿಪ್ ಹಾಕಿಸಿಕೊಂಡ ಮಾತ್ರಕ್ಕೆ ಪಾಪವೆಂದು ನಾನು ಹೇಳಲಾರೆ. ಹಾಕಿಸಿಕೊಳ್ಳದ ಹುಡುಗನಿಗೆ ಸೀಟು ಕೊಡದ ಕಾಲೇಜನ್ನೂ ಮಗನಿಗೆ ಅದನ್ನು ಒತ್ತಾಯದಿಂದ ಹಾಕಿಸುವ ತಂದೆಯನ್ನೂ ಮಾತ್ರ ಪಾಪನಿವೇದನೆಗೆ ಕಳುಹಿಸಬೇಕಾದೀತು.

– ಸಂ.