ಪುಸ್ತಕ ಓದದೇ ಲೇಖಕರ ಕಾರ್ಯಕ್ರಮಕ್ಕೆ ಹೋಗಬಹುದಾ?

ಖಂಡಿತ ಹೋಗಿ. ಲೈಬ್ರರಿಗೆ ಬರುವ ಲೇಖಕರದ್ದು ಒಂದೂ ಓದಿಲ್ಲ, ಮುಜುಗರ ಆಗುತ್ತೆ ಅಂದಿದ್ದೀರಿ. ಅಲ್ಲಿ ಯಾರೂ ಪರೀಕ್ಷೆ ಮಾಡುವುದಿಲ್ಲ. ಲೇಖಕರು ತಮ್ಮ ಪುಟವನ್ನು ತಾವೇ ಓದುವಾಗ ಎಲ್ಲಿ ನಿಲ್ಲುತ್ತಾರೆ, ಯಾವ ಪದವನ್ನು ಒತ್ತಿ ಹೇಳುತ್ತಾರೆ ಅನ್ನುವುದನ್ನು ಕೇಳಿ. ಆಮೇಲೆ ಆ ಪುಸ್ತಕ ಹಿಡಿದರೆ ಅದೇ ದನಿ ಕಿವಿಯಲ್ಲಿರುತ್ತದೆ. ನನಗಂತೂ ಅದು ತುಂಬಾ ಇಷ್ಟ.

ಆದರೂ ಮೊದಲೇ ಸ್ವಲ್ಪ ಓದಬೇಕು ಅನಿಸಿದರೆ ಅವರ ಒಂದು ಸಣ್ಣಕಥೆ ಸಾಕು. ಪ್ರಶ್ನೆ ಕೇಳುವುದಾದರೆ "ಸ್ಫೂರ್ತಿ ಏನು?" ಅನ್ನಬೇಡಿ. "ಈ ಕಥೆಯನ್ನು ಇಲ್ಲೇ ಯಾಕೆ ನಿಲ್ಲಿಸಿದಿರಿ?" ಅಂತ ಕೇಳಿ, ಉತ್ತರ ಬೇರೆಯೇ ಇರುತ್ತದೆ.

ಇನ್ನು, ಲೈಬ್ರೇರಿಯನ್ ಹತ್ತಿರ ಏನಂತ ಕೇಳುವುದು ಅನ್ನುವ ಎರಡನೇ ಪ್ರಶ್ನೆ. ಸುಮ್ನೆ "ಒಳ್ಳೆಯ ಪುಸ್ತಕ ಕೊಡಿ" ಅಂದರೆ ಅವರಿಗೂ ಕಷ್ಟ, ಅಲ್ವಾ? ಇತ್ತೀಚೆಗೆ ಮೆಚ್ಚಿದ ಒಂದು ಪುಸ್ತಕ, ಅರ್ಧಕ್ಕೇ ಬಿಟ್ಟ ಒಂದು ಪುಸ್ತಕ, ಎರಡನ್ನೂ ಹೇಳಿ. ಬಿಟ್ಟದ್ದು ಯಾಕೆ ಅನ್ನುವುದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ನಿಧಾನ ಅನಿಸಿತಾ, ಪಾತ್ರಗಳು ಹಿಡಿಸಲಿಲ್ವಾ, ಭಾಷೆ ಭಾರವಾಯಿತಾ?

ಅರ್ಧಕ್ಕೆ ಬಿಟ್ಟಿದ್ದಕ್ಕೆ ಬೇಜಾರು ಬೇಡ. ಅಮೆರಿಕದ ಸಿಯಾಟಲ್‌ನಲ್ಲಿ ಲೈಬ್ರೇರಿಯನ್ ಆಗಿದ್ದ ನ್ಯಾನ್ಸಿ ಪರ್ಲ್ ಅವರದ್ದೊಂದು ನಿಯಮ ಇದೆ: 50 ಪುಟ ಓದಿ, ಹಿಡಿಸದಿದ್ದರೆ ಬಿಡಿ. ವಯಸ್ಸು 50 ದಾಟಿದ್ದರೆ 100ರಿಂದ ವಯಸ್ಸನ್ನು ಕಳೆಯಿರಿ, ಅಷ್ಟು ಪುಟ ಓದಿದರೆ ಸಾಕು. 70 ವರ್ಷದವರಿಗೆ 30 ಪುಟ. ಎಷ್ಟು ಸಮಾಧಾನ ಕೊಡುವ ಲೆಕ್ಕ! ಲೈಬ್ರರಿ ಪುಸ್ತಕ ತಾನೇ, ವಾಪಸ್ ಕೊಟ್ಟು ಇನ್ನೊಂದು ತನ್ನಿ.