ನಗರವೇ ಜೀವಂತವಾಗಿರುವ ಹಾರರ್ ಆಡಿಯೋ ನಾಟಕ: ಆ ನಗರಕ್ಕೆ ಗಂಡು ದನಿ ಕೊಡಲೋ, ಹೆಣ್ಣು ದನಿಯೋ?

ಎರಡೂ ಬೇಡ. ನಗರ ಬಾಯಿಬಿಟ್ಟರೆ ಅದು ಮತ್ತೆ ನಗರವಾಗಿ ಉಳಿಯಲ್ಲ. ಗಂಟಲು ದಪ್ಪ ಮಾಡಿಕೊಂಡು ಮೈಕ್ ಮುಂದೆ ನಿಂತ ಯಾರೋ ನಟ ಅಂತ ಕೇಳುಗರಿಗೆ ಥಟ್ಟನೆ ಗೊತ್ತಾಗುತ್ತೆ. ಆಮೇಲೆ ಏನು ಮಾಡಿದರೂ ಹೆದರಿಕೆ ಹುಟ್ಟಲ್ಲ.

ನನ್ನ ನಾಟಕದಲ್ಲೂ ಊರಿಗೇ ಜೀವ ಇತ್ತು. ರಾತ್ರಿ ಹೊತ್ತು ಬೀದಿಗಳು ಜಾಗ ಬದಲಿಸುತ್ತಿದ್ದವು, ಬೀಗ ಹಾಕಿದ ಮನೆಗಳಿಗೆ ಹಸಿವಾಗುತ್ತಿತ್ತು. ಮನೆಮನೆ ಸುತ್ತಿ ನೀರಿನ ಮೀಟರ್ ನೋಡಿ ಬರೆದುಕೊಳ್ಳೋ ಹೆಂಗಸು ನಾಯಕಿ. ನಗರ ಮಾತಾಡಬಾರದು ಅನ್ನೋದು ನನಗೂ ಬೇಗ ಹೊಳೆಯಿತು. ಆದರೆ ಮಾತು ತೆಗೆದು ಆ ಜಾಗದಲ್ಲಿ ಎದೆಬಡಿತ ಇಟ್ಟೆ. ಎಡವಿದ್ದು ಅಲ್ಲೇ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಇದನ್ನೇ ಮಾಡ್ತೀರಿ ಅಂತ ಗ್ಯಾರಂಟಿ ಇದೆ. ಖಾಲಿ ಕಬ್ಬಿಣದ ತೊಟ್ಟಿಯನ್ನ ಅಂಗೈಯಿಂದ ಬಡಿದು ರೆಕಾರ್ಡ್ ಮಾಡಿಕೊಂಡೆ. ಆ ಸದ್ದು 140 ಹರ್ಟ್ಸ್ ಆಸುಪಾಸಿನಲ್ಲಿತ್ತು (ಹರ್ಟ್ಸ್ ಅಂದ್ರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನೋ ಲೆಕ್ಕ, ಕಡಿಮೆಯಾದಷ್ಟೂ ಸದ್ದು ಕೆಳಗೆ). ವೇಗವನ್ನ ಕಾಲು ಭಾಗಕ್ಕೆ ಇಳಿಸಿದಾಗ 35ಕ್ಕೆ ಬಂತು. ಮನುಷ್ಯರ ಕಿವಿಗೆ ಕೇಳೋದೇ ಸುಮಾರು 20 ಹರ್ಟ್ಸ್‌ನಿಂದ ಮೇಲಕ್ಕೆ, ಹಾಗಾಗಿ 35 ಅಂದ್ರೆ ತಳ ಮುಟ್ಟಿದ ಹಾಗೆ. ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ನೆಲದಡಿಯಿಂದ ಯಾರೋ ತಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು. ಖುಷಿಯಲ್ಲಿ ಸ್ಕ್ರಿಪ್ಟನ್ನೇ ಅದಕ್ಕೆ ತಕ್ಕಂತೆ ತಿದ್ದಿದೆ. ನಾಯಕಿ ಮಾತು ನಿಲ್ಲಿಸುತ್ತಾಳೆ, ಐದಾರು ಸೆಕೆಂಡ್ ಬರೀ ಎದೆಬಡಿತ, ಆಮೇಲೆ ಅವಳ ಉಸಿರು.

ಜನ ಕೇಳಿದ್ದು ಫೋನಿನಲ್ಲಿ. ಫೋನಿನ ಪುಟ್ಟ ಸ್ಪೀಕರ್‌ಗೆ ಅಷ್ಟು ಕೆಳಗಿನ ಸದ್ದು ಹೊರಡಿಸೋ ತಾಕತ್ತೇ ಇಲ್ಲ. ನಾಟಕದ ಅತಿ ಭಯಂಕರ ಜಾಗ ಅವರ ಪಾಲಿಗೆ ಖಾಲಿ. ‘ಆ್ಯಪ್ ಹ್ಯಾಂಗ್ ಆಯ್ತೇನೋ ಅಂತ ಸ್ಕ್ರೀನ್ ಒತ್ತಿ ನೋಡಿದೆ’ ಅಂತ ಒಬ್ಬರು ಬರೆದರು.

ಹೆಡ್‌ಫೋನ್‌ನಲ್ಲಿ ಕೇಳಿದವರದ್ದು ಇನ್ನೊಂದು ಪಾಡು. ಪಾಡ್‌ಕಾಸ್ಟ್‌ಗೆ ವಾಡಿಕೆಯ ಮೈನಸ್ 16 ಎಲ್‌ಯುಎಫ್‌ಎಸ್ (ಸದ್ದು ಕಿವಿಗೆ ಎಷ್ಟು ಜೋರು ಅಂತ ಅಳೆಯೋ ಮಾನ) ಮಟ್ಟಕ್ಕೆ ದನಿ ಏರಿಸಲು, ಎಲ್ಲ ಸದ್ದೂ ಸೇರಿದ ಇಡೀ ಮಿಕ್ಸ್ ಮೇಲೆ ಲಿಮಿಟರ್ ಕೂರಿಸಿದ್ದೆ. ಮಿತಿ ಮೀರಿದ ಸದ್ದನ್ನ ತಾನೇ ತಗ್ಗಿಸೋ ಸಾಧನ ಅದು. ಕೆಳಸದ್ದು ಕಿವಿಗೆ ಸಣ್ಣದಾಗಿ ಕೇಳಿದರೂ ಅದರ ಅಲೆ ದೈತ್ಯ. ಪ್ರತಿ ಬಡಿತಕ್ಕೂ ಲಿಮಿಟರ್ ಎಲ್ಲವನ್ನೂ ಅದುಮುತ್ತಿತ್ತು, ಜೊತೆಗೆ ನಾಯಕಿಯ ಮಾತನ್ನೂ. ಮೀಟರ್ ನಂಬರ್ ಓದುವಾಗ ಅವಳ ದನಿ ಮುಳುಗೋದು, ಏಳೋದು, ಮತ್ತೆ ಮುಳುಗೋದು. ಬಡಿತ ತೆಗೆದುಬಿಡೋಣ ಅಂದರೆ, ಆ ಮೌನಗಳನ್ನ ನಟಿ ಅಭಿನಯಿಸಿಬಿಟ್ಟಿದ್ದಳು. ಸದ್ದು ತೆಗೆದರೆ ಅವಳು ಸಾಲು ಮರೆತು ನಿಂತ ಹಾಗಿರುತ್ತಿತ್ತು. ಮತ್ತೆ ರೆಕಾರ್ಡ್ ಮಾಡೋಣ ಅನ್ನುವಷ್ಟರಲ್ಲಿ ಅವಳು ಬೇರೆ ಕೆಲಸ ಒಪ್ಪಿಕೊಂಡಾಗಿತ್ತು. ಸೀರೀಸ್ ಅರ್ಧಕ್ಕೇ ನಿಂತಿತು, ಇವತ್ತಿಗೂ ಅರ್ಧಕ್ಕೇ ಇದೆ.

ಇದಕ್ಕೆ ತಾಂತ್ರಿಕ ಮದ್ದು ಇಲ್ಲ ಅಂತಲ್ಲ. ಕೆಳಸದ್ದಿಗೆ ಚೂರು ಡಿಸ್ಟಾರ್ಷನ್ ಕೊಟ್ಟರೆ, ಅಂದ್ರೆ ಅದರ ಅಲೆಯನ್ನ ಬೇಕಂತಲೇ ಕೆಡಿಸಿದರೆ, ಅದರ ಎರಡು, ಮೂರು ಪಟ್ಟು ಹರ್ಟ್ಸ್‌ನ ಸದ್ದುಗಳು ಮೇಲೆ ಹುಟ್ಟಿಕೊಳ್ಳುತ್ತವೆ. ಸಣ್ಣ ಸ್ಪೀಕರ್‌ನಲ್ಲಿ ಅವಷ್ಟೇ ಕೇಳಿದರೂ ಬುಡದ ಸದ್ದನ್ನ ಮಿದುಳು ತಾನೇ ತುಂಬಿಕೊಳ್ಳುತ್ತೆ. ಮಾತಿನ ಟ್ರ್ಯಾಕನ್ನ ಲಿಮಿಟರ್‌ನಿಂದ ಬೇರೆ ಇಡಬಹುದು. ಆದರೂ ಎದೆಬಡಿತ ಬೇಡ ಅಂತಲೇ ಹೇಳ್ತೀನಿ. ಊರಿಗೆ ನಮ್ಮ ಥರದ್ದೇ ಹೃದಯ ಯಾಕಿರಬೇಕು? ಅದು ಮನುಷ್ಯರ ಸೋಮಾರಿ ಊಹೆ.

ನಗರ ಜೀವಂತ ಅನ್ನೋದನ್ನ ಪಾತ್ರಗಳ ಸದ್ದು ಗೋಡೆಗೆ ಬಡಿದು ವಾಪಸ್ ಬರೋದರಲ್ಲಿ ಕೇಳಿಸಿ. ನನ್ನ ಮೀಟರ್ ಹೆಂಗಸಿನ ಕೈಯಲ್ಲಿ ಯಾವಾಗಲೂ ಬೀಗದ ಕೈ ಗೊಂಚಲು ಇರುತ್ತಿತ್ತು. ಈಗ ಬರೆದಿದ್ದರೆ ಅದೊಂದನ್ನೇ ಹಿಡಿದುಕೊಂಡು ಹೋಗುತ್ತಿದ್ದೆ. ಬೀದಿ ಕೊನೆಯ ಗೋಡೆ 17 ಮೀಟರ್ ದೂರದಲ್ಲಿದ್ದರೆ, ಸೆಕೆಂಡಿಗೆ ಸುಮಾರು 343 ಮೀಟರ್ ಓಡೋ ಸದ್ದು ಹೋಗಿ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಝಣ್, ಆಮೇಲೆ ದೂರದಲ್ಲಿ ಇನ್ನೊಂದು ಝಣ್. ಮುಂದಿನ ಎಪಿಸೋಡಿನಲ್ಲಿ ಅದೇ ಬೀದಿ, ಅದೇ ಗೊಂಚಲು, ಪ್ರತಿಧ್ವನಿ ಚೂರು ಬೇಗ. ಗೋಡೆ 5 ಮೀಟರಿಗೆ ಬಂದಾಗ ಕಿವಿ ಎರಡನ್ನೂ ಬಿಡಿಸಲಾರದು, ಝಣ್ ಬರೀ ದಪ್ಪಗಾಗುತ್ತೆ. ಗೋಡೆ ಹತ್ತಿರ ಬಂತು ಅಂತ ಯಾವ ಪಾತ್ರವೂ ಹೇಳಬಾರದು, ದಯವಿಟ್ಟು. ಕೊನೆಗೊಂದು ದಿನ ಅವಳು ಗೊಂಚಲು ಅಲುಗಿಸುವ ಮೊದಲೇ ಪ್ರತಿಧ್ವನಿ ಬರಲಿ. ಈ ಐಡಿಯಾ ಬೇಕಿದ್ದರೆ ನಿಮ್ಮದೇ, ನಾನಂತೂ ಮುಗಿಸೋ ಲಕ್ಷಣ ಇಲ್ಲ. ಇದಕ್ಕೆ ಕೆಳಸದ್ದು ಬೇಕಿಲ್ಲ, ಎಂಥ ಬಡ ಸ್ಪೀಕರ್‌ನಲ್ಲೂ ಕೇಳುತ್ತೆ.

ಕಾಣೋದನ್ನೆಲ್ಲ ವಿವರಿಸೋಕೆ ನಿರೂಪಕ ಬೇಕಾ ಅಂತಲೂ ಕೇಳಿದ್ದೀರಿ. ಬೇಡ, ಕಥೆಯೊಳಗೆ ಕರೆಂಟ್ ತೆಗೆದುಬಿಡಿ. ರೇಡಿಯೋಗಾಗಿಯೇ ಬರೆದ ಮೊದಮೊದಲ ನಾಟಕಗಳಲ್ಲಿ ಒಂದನ್ನ 1924ರಲ್ಲಿ ಬಿಬಿಸಿ ಪ್ರಸಾರ ಮಾಡಿತು. ದೀಪ ಆರಿಹೋದ ಕಲ್ಲಿದ್ದಲ ಗಣಿಯೊಳಗೆ ನಡೆಯೋ ಕಥೆ ಅದು. ಪಾತ್ರಗಳಿಗೂ ಕಾಣಲ್ಲ, ಕೇಳುಗರಿಗೂ ಕಾಣಲ್ಲ. ‘ಯಾರದು? ಎಲ್ಲಿದ್ದೀಯ?’ ಅಂತ ಅವರು ಸಹಜವಾಗಿಯೇ ಕೇಳಿಕೊಳ್ಳಬೇಕಾಗುತ್ತೆ. ನೂರು ವರ್ಷ ಕಳೆದರೂ ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಇನ್ನು ನಗರದ ಪಾತ್ರಕ್ಕೆ ಅಂತ ಗಡಸು ದನಿಯ ಗೆಳೆಯರೊಬ್ಬರನ್ನ ಒಪ್ಪಿಸಿಟ್ಟಿದ್ದೀನಿ ಅಂದಿದ್ದೀರಲ್ಲ, ಅವರನ್ನ ಕಳೆದುಕೊಳ್ಳಬೇಡಿ. ಊರು ಬಿಟ್ಟು ಹೋಗೋ ಕೊನೆ ಬಸ್ಸಿನ ಕಂಡಕ್ಟರ್ ಮಾಡಿ. ಬಸ್ಸು ಹೊರಡೋದೇ ಇಲ್ಲ ಅನ್ನೋದನ್ನ ತುಂಬಾ ಮರ್ಯಾದೆಯಿಂದ, ಚಿಲ್ಲರೆ ಎಣಿಸಿಕೊಡುತ್ತಾ ಹೇಳಲಿ.